ಅಪರಾಧಶಾಸ್ತ್ರ ಮತ್ತು ಕಾನೂನು ಒಟ್ಟಿಗೆ ಓದುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ಪಿಯು ವಿದ್ಯಾರ್ಥಿಗಳಿಗೆ ಸಮಗ್ರ ಮಾರ್ಗದರ್ಶಿ

ಭೀಮಸಮುದ್ರದ ಕಡೆ ಒಂದು ಅಡಿಕೆ ಕಣ ಅಂದುಕೊಳ್ಳಿ. ಬೇಯಿಸಿ ಒಣಗಿಸಿದ ಅಡಿಕೆಯನ್ನು ಚೀಲಕ್ಕೆ ತುಂಬಿ ಇಟ್ಟಿದ್ದಾರೆ. ಬೆಳಗ್ಗೆ ಎದ್ದು ನೋಡಿದರೆ ಎರಡು ಚೀಲ ಇಲ್ಲ.

ಕಾನೂನು ಓದಿದವರು ಮೊದಲು ಕೇಳುವುದು ಇದು: ಯಾವ ಸೆಕ್ಷನ್? ಕಳವು ಅಂದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದ ಕಾನೂನು) 303. ಚೀಲ ಮನೆಯೊಳಗೆ ಇತ್ತಾ? ಹಾಗಿದ್ದರೆ 305. ಆ ಮಾಲನ್ನು ಕದ್ದದ್ದು ಅಂತ ಗೊತ್ತಿದ್ದೂ ಯಾರಾದರೂ ಕೊಂಡರಾ? ಅದಕ್ಕೆ 317. ಆಮೇಲೆ ಮಹಜರು (ಸ್ಥಳದಲ್ಲಿ ಕಂಡದ್ದನ್ನು, ಸಿಕ್ಕಿದ್ದನ್ನು ಪೊಲೀಸರು ಬರೆದಿಡುವ ದಾಖಲೆ) ಎಲ್ಲಿ ಆಯಿತು, ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು ಯಾರು, ಚೀಲ ಇವರದ್ದೇ ಅಂತ ಗುರುತು ಹಿಡಿದವರು ಯಾರು, ಹೀಗೆ ಪ್ರಶ್ನೆಗಳು ಸಾಗುತ್ತವೆ.

ಅಪರಾಧಶಾಸ್ತ್ರ ಓದಿದವರು ಇನ್ನೊಂದು ಕಡೆಯಿಂದ ನೋಡುತ್ತಾರೆ. ಕಳವು ಕೊಯ್ಲಿನ ತಿಂಗಳಲ್ಲೇ ಯಾಕೆ ಜಾಸ್ತಿ? ಅಡಿಕೆ ಬೆಲೆ ಏರಿದಾಗ ಏನಾಗುತ್ತದೆ? ಊರ ಜಾತ್ರೆಯ ರಾತ್ರಿ ಕಣದಲ್ಲಿ ಮಲಗುವವರು ಯಾರು? 1979ರಲ್ಲಿ ಅಮೆರಿಕದ ಲಾರೆನ್ಸ್ ಕೋಹೆನ್ ಮತ್ತು ಮಾರ್ಕಸ್ ಫೆಲ್ಸನ್ ಹೇಳಿದ್ದು ಇಷ್ಟೇ: ಕದಿಯುವ ಮನಸ್ಸಿರುವವನು, ಕದಿಯಲು ಸುಲಭವಾದ ವಸ್ತು, ಕಾಯುವವರಿಲ್ಲದ ಹೊತ್ತು, ಈ ಮೂರೂ ಒಂದೇ ಜಾಗದಲ್ಲಿ ಕೂಡಿದರೆ ಅಪರಾಧ ನಡೆಯುತ್ತದೆ. ನಮ್ಮ ಕಣಕ್ಕೆ ಇದು ಅಚ್ಚುಕಟ್ಟಾಗಿ ಹೊಂದುತ್ತದೆ, ಅಲ್ವಾ?

ಈ ಎರಡೂ ನೋಟವನ್ನು ಒಂದೇ ಪದವಿಯಲ್ಲಿ ಕಲಿಯಬೇಕು ಅನ್ನುವ ಮಕ್ಕಳು ಈಗ ಹೆಚ್ಚಾಗಿದ್ದಾರೆ. ಪಿಯು ಫಲಿತಾಂಶ ಬಂದ ವಾರ ದಾವಣಗೆರೆ ಕೋರ್ಟ್ ಆವರಣದಲ್ಲೇ ನನ್ನನ್ನು ಹುಡುಕಿಕೊಂಡು ಅಪ್ಪ ಅಮ್ಮಂದಿರು ಬರುತ್ತಾರೆ. 'ಕ್ರಿಮಿನಾಲಜಿ ಲಾ ಎಲ್ಲಿ ಸಿಗುತ್ತೆ ಸಾರ್?' ಅಂತ ಕೇಳುತ್ತಾರೆ. ನಾನು ಪ್ರತಿ ಸಲ ಹೇಳುವುದು ಒಂದೇ. ಆ ಹೆಸರಿನ ಪದವಿಯನ್ನು ಹುಡುಕುತ್ತಾ ಅಲೆಯಬೇಡಿ. ಮಾನ್ಯತೆ ಇರುವ ಕಾನೂನು ಪದವಿಗೆ ಸೇರಿಸಿ. ಅಪರಾಧಶಾಸ್ತ್ರವನ್ನು ಅದರೊಳಗೆ ಕಟ್ಟಿಕೊಳ್ಳಲು ದಾರಿ ಇದೆ. ಆ ದಾರಿಯನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ದಾರಿಗಳನ್ನು ಬಿಡಿಸಿ ನೋಡಿ

ಮೊದಲ ದಾರಿ ಐದು ವರ್ಷದ ಬಿಎ ಎಲ್‌ಎಲ್‌ಬಿ. ಪಿಯು ಮುಗಿದ ಕೂಡಲೇ ಸೇರುವುದು. ಹತ್ತು ಸೆಮಿಸ್ಟರ್. ಮೊದಲ ವರ್ಷಗಳಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದಂಥ ಕಲಾ ವಿಷಯ, ಜೊತೆಗೆ ನಿಧಾನವಾಗಿ ಕಾನೂನು ವಿಷಯ. ಅಪರಾಧಶಾಸ್ತ್ರ ಇಲ್ಲಿ ಐಚ್ಛಿಕ ಪತ್ರಿಕೆಗಳ ರೂಪದಲ್ಲಿ ಬರುತ್ತದೆ. ದಾವಣಗೆರೆಯಲ್ಲಿ ಆರ್.ಎಲ್. ಕಾನೂನು ಕಾಲೇಜು, ಚಿತ್ರದುರ್ಗದಲ್ಲಿ ಸರಸ್ವತಿ ಕಾನೂನು ಕಾಲೇಜು ಇವೆ. ಎರಡೂ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದವು. ಈ ವರ್ಷ ಯಾವ ಕೋರ್ಸ್‌ಗೆ ಎಷ್ಟು ಸೀಟು, ಯಾವ ಐಚ್ಛಿಕ ಪತ್ರಿಕೆಗಳನ್ನು ಪಾಠ ಮಾಡುತ್ತಾರೆ ಅನ್ನುವುದನ್ನು ಕಾಲೇಜಿಗೇ ಹೋಗಿ ಕೇಳಿ. ಫೋನಿನಲ್ಲಿ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ.

ಎರಡನೇ ದಾರಿ ಮೊದಲು ಮೂರು ವರ್ಷದ ಪದವಿ, ಆಮೇಲೆ ಮೂರು ವರ್ಷದ ಎಲ್‌ಎಲ್‌ಬಿ. ಪದವಿಯಲ್ಲಿ ಅಪರಾಧಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ತೆಗೆದುಕೊಳ್ಳಬಹುದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಆ ವಿಭಾಗ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿ ವಿಜ್ಞಾನದ (ಫೊರೆನ್ಸಿಕ್ ಸೈನ್ಸ್) ಸ್ನಾತಕೋತ್ತರ ವಿಭಾಗವೂ ಇದೆ. ಈ ದಾರಿಯಲ್ಲಿ ಒಟ್ಟು ಆರು ವರ್ಷ. ಒಂದು ವರ್ಷ ಜಾಸ್ತಿ. ಆದರೆ ಮೂರು ವರ್ಷಕ್ಕೆ ಕೈಯಲ್ಲಿ ಒಂದು ಪದವಿ ಇರುತ್ತದೆ.

ಇದು ಸಣ್ಣ ಮಾತಲ್ಲ. ಐದು ವರ್ಷದ ಕೋರ್ಸನ್ನು ನಡುವೆ ಬಿಟ್ಟರೆ 'ಮೂರು ವರ್ಷ ಓದಿದ್ದೇನೆ, ಬಿಎ ಕೊಡಿ' ಅಂತ ಕೇಳಲು ಆಗುವುದಿಲ್ಲ. ವಕೀಲಿಕೆ ಮತ್ತು ಕಾನೂನು ಶಿಕ್ಷಣಕ್ಕೆ ನಿಯಮ ಮಾಡುವ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳು ಅದನ್ನು ನೇರವಾಗಿ ತಡೆಯುತ್ತವೆ. ನಡುವೆ ಬಂದು ಸೇರುವುದೂ ಇಲ್ಲ, ನಡುವೆ ಪದವಿ ಪಡೆದು ಹೊರಡುವುದೂ ಇಲ್ಲ. ಆದ್ದರಿಂದ ಕಾನೂನೇ ಬೇಕು ಅಂತ ಮನಸ್ಸು ಗಟ್ಟಿಯಾಗಿದ್ದರೆ ಮೊದಲ ದಾರಿ. 'ಪೊಲೀಸ್ ಆಗಬಹುದು, ಸಮಾಜಸೇವೆಗೆ ಹೋಗಬಹುದು, ಲಾ ಆಮೇಲೆ ನೋಡೋಣ' ಅನ್ನುವವರಿಗೆ ಎರಡನೆಯದು. ಮನೆಯಲ್ಲಿ ದುಡ್ಡಿನ ತೊಂದರೆ ಇದ್ದು ಯಾವ ವರ್ಷ ಓದು ನಿಲ್ಲುತ್ತದೋ ಗೊತ್ತಿಲ್ಲ ಅನ್ನುವ ಮಕ್ಕಳಿಗೂ ನಾನು ಎರಡನೆಯದನ್ನೇ ಹೇಳುತ್ತೇನೆ.

ಮೂರನೆಯದು ಊರು ಬಿಟ್ಟು ಹೋಗುವ ದಾರಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಂಥ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಕ್ಲಾಟ್ ಪರೀಕ್ಷೆ ಬರೆಯಬೇಕು. 120 ಪ್ರಶ್ನೆ, 120 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪರೀಕ್ಷೆ ಪೂರ್ತಿ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಪ್ರಥಮ ಪಿಯುನಲ್ಲೇ ಇಂಗ್ಲಿಷ್ ಓದುವ ವೇಗ ಬೆಳೆಸಿಕೊಳ್ಳಬೇಕು. ವಿಧಿ ವಿಜ್ಞಾನದ ಕಡೆ ಒಲವಿದ್ದರೆ ಗಾಂಧಿನಗರದ ರಾಷ್ಟ್ರೀಯ ವಿಧಿ ವಿಜ್ಞಾನ ವಿಶ್ವವಿದ್ಯಾಲಯದ ಕೋರ್ಸುಗಳನ್ನು ನೋಡಿ. ಅದರ ಒಂದು ಕ್ಯಾಂಪಸ್ ಧಾರವಾಡದಲ್ಲೇ ಇದೆ. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ ಶಿವಮೊಗ್ಗದಲ್ಲಿದೆ. ಎಲ್ಲ ಕ್ಯಾಂಪಸ್ಸಿನಲ್ಲೂ ಎಲ್ಲ ಕೋರ್ಸ್ ಇರುವುದಿಲ್ಲ. ಅರ್ಜಿ ಹಾಕುವ ಮೊದಲು ಕ್ಯಾಂಪಸ್ಸಿನ ಹೆಸರನ್ನೂ ನೋಡಿ.

ಇಂಗ್ಲೆಂಡ್, ಆಸ್ಟ್ರೇಲಿಯಾದಲ್ಲಿ 'ಲಾ ವಿತ್ ಕ್ರಿಮಿನಾಲಜಿ' ಅಂತ ಹೆಸರಿಟ್ಟೇ ಜೋಡಿ ಪದವಿ ಕೊಡುತ್ತಾರೆ. ಅಲ್ಲಿ ಓದಿ ಇಲ್ಲಿ ವಕೀಲಿಕೆ ಮಾಡಬೇಕಾದರೆ ಆ ಪದವಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇರಬೇಕು. ಬಂದ ಮೇಲೆ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಬೇಕು. ಹೊಲ ಅಡವಿಟ್ಟು ಕಳಿಸುವ ಮೊದಲು ಇದನ್ನು ತಿಳಿದುಕೊಳ್ಳಿ.

ಹಂತ 2: ಅರ್ಹತೆ ಮತ್ತು ಮಾನ್ಯತೆ

ಐದು ವರ್ಷದ ಕೋರ್ಸಿಗೆ ಪಿಯುನಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಕನಿಷ್ಠ ಅಂಕ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ ಶೇ. 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ. 40. ನಮ್ಮ ಭಾಗದ ಕಾಲೇಜುಗಳಿಗೆ ಕ್ಲಾಟ್ ಬೇಕಿಲ್ಲ. ಪಿಯು ಅಂಕದ ಮೇಲೆ ಪ್ರವೇಶ.

ಹಾಜರಾತಿ ಪ್ರತಿ ವಿಷಯಕ್ಕೂ ಶೇ. 70 ಬೇಕು. ಕೆಲಸ ಮಾಡುತ್ತಾ ಓದುತ್ತೇನೆ ಅನ್ನುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಲಿ. ಮನೆಯಲ್ಲೇ ಕೂತು ಆನ್‌ಲೈನ್ ಎಲ್‌ಎಲ್‌ಬಿ ಅಥವಾ ಅಂಚೆ ಮೂಲಕ ಎಲ್‌ಎಲ್‌ಬಿ ಅಂತ ಯಾರಾದರೂ ಹೇಳಿದರೆ ಅಲ್ಲೇ ಎದ್ದು ಬನ್ನಿ. ಅಂಥ ಪದವಿಯಿಂದ ವಕೀಲರಾಗಿ ನೋಂದಣಿ ಆಗುವುದಿಲ್ಲ.

ನಾನೇ ಒಂದು ತಪ್ಪು ಮಾಡಿದ್ದೇನೆ. ಎರಡನೇ ವರ್ಷದಲ್ಲಿದ್ದಾಗ ಒಂದು ಸಂಸ್ಥೆಯವರು ಅಪರಾಧ ತನಿಖೆಯ ಸರ್ಟಿಫಿಕೇಟ್ ಕೋರ್ಸ್ ಅಂತ ಹೇಳಿ ಹಣ ಕಟ್ಟಿಸಿಕೊಂಡರು. ಕೊನೆಗೆ ಬಂದದ್ದು ಮುದ್ರೆ ಹೊಡೆದ ಒಂದು ಕಾಗದ. ಅದನ್ನು ಎಲ್ಲೂ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಪ್ಪ ಮೆಕ್ಕೆಜೋಳ ಮಾರಿ ಕಳಿಸಿದ ದುಡ್ಡು ಅದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ನಿಯಮವನ್ನು ಆಗಲೇ ಓದಿದ್ದರೆ ಹೀಗಾಗುತ್ತಿರಲಿಲ್ಲ. ಕಾನೂನು ಪದವಿಯ ಜೊತೆಗೆ ಇನ್ನೊಂದು ಪದವಿ ಅಥವಾ ಸರ್ಟಿಫಿಕೇಟ್ ಕೋರ್ಸಿಗೆ ನೋಂದಾಯಿಸಲು ಬಾರ್ ಕೌನ್ಸಿಲ್ ಬಿಡುವುದಿಲ್ಲ. ಭಾಷೆ, ಕಂಪ್ಯೂಟರ್ ಕುರಿತ ಸಣ್ಣ ಕೋರ್ಸುಗಳಿಗೆ ಮತ್ತು ವಿಶ್ವವಿದ್ಯಾಲಯದ ದೂರಶಿಕ್ಷಣ ಕೇಂದ್ರದ ಕೋರ್ಸುಗಳಿಗೆ ಮಾತ್ರ ವಿನಾಯಿತಿ ಇದೆ. ಜ್ಞಾನಕ್ಕಾಗಿ ಓದುವುದಾದರೆ ಕೇಂದ್ರ ಸರ್ಕಾರದ 'ಸ್ವಯಂ' (SWAYAM) ಜಾಲತಾಣದ ಅಪರಾಧಶಾಸ್ತ್ರದ ಪಾಠಗಳನ್ನು ಹಣ ಕೊಡದೆ ನೋಡಬಹುದು. ಪದವಿ ಮುಗಿದ ಮೇಲೆ ಇಗ್ನೋದ ಕ್ರಿಮಿನಲ್ ಜಸ್ಟಿಸ್ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಹಂತ 3: ಸೇರುವ ಮೊದಲು ಒಂದು ವಾರ ಕೋರ್ಟಿನಲ್ಲಿ ಕೂರಿ

ಈ ಹಂತವನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದೇ.

ನಮ್ಮ ನ್ಯಾಯಾಲಯಗಳು ತೆರೆದ ನ್ಯಾಯಾಲಯಗಳು. ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಕೇಳಬಹುದು. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಮತ್ತು ಅತ್ಯಾಚಾರ ಪ್ರಕರಣಗಳ ವಿಚಾರಣೆ ಮಾತ್ರ ಮುಚ್ಚಿದ ಬಾಗಿಲಿನೊಳಗೆ. ಮೊಬೈಲ್ ಆಫ್ ಮಾಡಿ. ಕಾಲ ಮೇಲೆ ಕಾಲು ಹಾಕಬೇಡಿ. ಒಂದು ನೋಟ್‌ಬುಕ್ ಇರಲಿ.

ಕಿವಿಗೆ ಬಿದ್ದ ಪದಗಳನ್ನೆಲ್ಲ ಬರೆದುಕೊಳ್ಳಿ. ಪಿರ್ಯಾದಿ, ಆರೋಪಿ, ಮಹಜರು, ಮುದ್ದೆಮಾಲು (ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತು), ದೋಷಾರೋಪ ಪಟ್ಟಿ, ಮುಖ್ಯ ವಿಚಾರಣೆ, ಪಾಟೀಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಗೆ ಪ್ರಶ್ನೆ ಕೇಳುವುದು), ಜಾಮೀನು, ಖುಲಾಸೆ. ಪಠ್ಯದಲ್ಲಿ ಇವೆಲ್ಲ ಇಂಗ್ಲಿಷಿನಲ್ಲಿ ಬರುತ್ತವೆ. ಠಾಣೆಯ ಕಾಗದ, ಸಾಕ್ಷಿಯ ಮಾತು ಬರುವುದು ಕನ್ನಡದಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು 'ನಮಗೆ ಲಾ ಆಗಲ್ಲ' ಅಂತ ಹೆದರುತ್ತಾರೆ. ಜಿಲ್ಲಾ ಕೋರ್ಟಿನಲ್ಲಿ ಕನ್ನಡ ಚೆನ್ನಾಗಿ ಬಲ್ಲವರ ಪಾಟೀಸವಾಲೇ ಹರಿತ. ಹಳ್ಳಿಯ ಸಾಕ್ಷಿ 'ಬಣವಿ ತಾವ ನಿಂತಿದ್ದ' ಅಂದರೆ ಬಣವೆ ಎಷ್ಟೆತ್ತರ, ಅದರ ಹಿಂದಿನಿಂದ ಮುಖ ಕಾಣುತ್ತದಾ ಅಂತ ಕೇಳಲು ಬಣವೆ ನೋಡಿರಬೇಕು.

ನಾನು ವಿದ್ಯಾರ್ಥಿಯಾಗಿ ಕೂತಿದ್ದ ದಿನ ಒಂದು ಹಲ್ಲೆ ಪ್ರಕರಣ ನಡೆಯುತ್ತಿತ್ತು. ಸಾಕ್ಷಿ ಕಟಕಟೆಯಲ್ಲಿ ನಿಂತು 'ನಾನೇನೂ ನೋಡಿಲ್ಲ, ಪೊಲೀಸರಿಗೆ ಏನೂ ಹೇಳಿಲ್ಲ' ಅಂದ. ಸರ್ಕಾರಿ ಅಭಿಯೋಜಕರು (ಸರ್ಕಾರದ ಪರ ವಾದಿಸುವ ವಕೀಲರು) ಅವನನ್ನು ಪ್ರತಿಕೂಲ ಸಾಕ್ಷಿ, ಅಂದರೆ ಕರೆದವರಿಗೇ ತಿರುಗಿ ಬಿದ್ದ ಸಾಕ್ಷಿ ಅಂತ ಪರಿಗಣಿಸಲು ಅನುಮತಿ ಕೇಳಿದರು. ಹತ್ತು ನಿಮಿಷದಲ್ಲಿ ಮುಗಿಯಿತು. ಕಾನೂನಿನ ದೃಷ್ಟಿಯಲ್ಲಿ ಅಲ್ಲಿಗೆ ಒಂದು ಅಧ್ಯಾಯ ಮುಗಿದ ಹಾಗೆ. ಹೊರಗೆ ಬೇವಿನ ಮರದ ಕೆಳಗೆ ಅದೇ ಮನುಷ್ಯ ಬೀಡಿ ಹಚ್ಚಿ ಕೂತಿದ್ದ. ಕೈ ನಡುಗುತ್ತಿತ್ತು. ಅವನು ನಾಳೆ ಅದೇ ಊರಿಗೆ ಹೋಗಬೇಕು. ಅದೇ ಬೀದಿಯಲ್ಲಿ ನಡೆಯಬೇಕು. ಬಹುಶಃ ಕೂಲಿಗೆ ಅದೇ ಮನೆಯವರ ಹೊಲಕ್ಕೆ ಹೋಗಬೇಕು. ಸಾಕ್ಷಿ ಯಾಕೆ ತಿರುಗಿ ಬೀಳುತ್ತಾನೆ ಅನ್ನುವ ಪ್ರಶ್ನೆ ನನಗೆ ಹುಟ್ಟಿದ್ದು ಆ ಮರದ ಕೆಳಗೆ. ಮುಂದೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಓದಿದಾಗ, ಪ್ರತಿ ರಾಜ್ಯವೂ ಇಂಥ ಯೋಜನೆ ಮಾಡಲೇಬೇಕು ಅನ್ನುವ ನಾಗರಿಕ ಸುರಕ್ಷಾ ಸಂಹಿತೆಯ (ತನಿಖೆ, ವಿಚಾರಣೆ ಹೇಗೆ ನಡೆಯಬೇಕು ಅನ್ನುವ ಕಾನೂನು) 398ನೇ ಸೆಕ್ಷನ್ ನೋಡಿದಾಗ, ಕಣ್ಣ ಮುಂದೆ ಬಂದದ್ದು ಆ ನಡುಗುವ ಕೈ.

ಹಂತ 4: ಮೊದಲ ಎರಡು ವರ್ಷ, ಸಮಾಜಶಾಸ್ತ್ರವನ್ನು ಹಗುರ ಮಾಡಬೇಡಿ

ಬಿಎ ಎಲ್‌ಎಲ್‌ಬಿ ಸೇರಿದ ಮಕ್ಕಳಿಗೆ ಒಂದು ಅಭ್ಯಾಸ ಇದೆ. ಕಲಾ ವಿಷಯಗಳನ್ನು ಪಾಸಾಗುವಷ್ಟು ಓದುವುದು, 'ನಿಜವಾದ ಲಾ' ಬರಲಿ ಅಂತ ಕಾಯುವುದು. ಅಪರಾಧಶಾಸ್ತ್ರ ಬೇಕು ಅನ್ನುವವರಿಗೆ ಇದರಿಂದ ದೊಡ್ಡ ನಷ್ಟ. ಅಪರಾಧಶಾಸ್ತ್ರದ ಬೇರು ಇರುವುದೇ ಸಮಾಜಶಾಸ್ತ್ರದಲ್ಲಿ.

ಕೆಲವು ಹೆಸರುಗಳನ್ನು ಈಗಲೇ ಪರಿಚಯ ಮಾಡಿಕೊಳ್ಳಿ. ಇಟಲಿಯ ಬೆಕಾರಿಯಾ 1764ರಲ್ಲೇ ಚಿತ್ರಹಿಂಸೆ ಮತ್ತು ಮರಣದಂಡನೆಯನ್ನು ಪ್ರಶ್ನಿಸಿದರು. ಶಿಕ್ಷೆ ಎಷ್ಟು ಕ್ರೂರ ಅನ್ನುವುದಕ್ಕಿಂತ ಎಷ್ಟು ಖಚಿತ ಅನ್ನುವುದು ಮುಖ್ಯ ಅಂದರು. ನೂರು ವರ್ಷದ ಮೇಲೆ ಅದೇ ದೇಶದ ಲೊಂಬ್ರೊಸೊ ಅಪರಾಧಿಗಳು ಹುಟ್ಟಿನಿಂದಲೇ ಬೇರೆ, ಮುಖ ಮತ್ತು ತಲೆಬುರುಡೆಯಲ್ಲೇ ಗುರುತು ಸಿಗುತ್ತದೆ ಅಂದರು. ಆ ವಾದ ನಿಲ್ಲಲಿಲ್ಲ. 1938ರಲ್ಲಿ ಮರ್ಟನ್ ಹೇಳಿದ್ದು, ಸಮಾಜ ಎಲ್ಲರಿಗೂ ಒಂದೇ ಗುರಿ ತೋರಿಸಿ ದಾರಿಯನ್ನು ಕೆಲವರಿಗಷ್ಟೇ ಬಿಟ್ಟರೆ ಒತ್ತಡ ಹುಟ್ಟುತ್ತದೆ ಅಂತ. 1939ರಲ್ಲಿ ಸದರ್‌ಲ್ಯಾಂಡ್ 'ವೈಟ್ ಕಾಲರ್ ಅಪರಾಧ' ಅನ್ನುವ ಮಾತನ್ನು ಮುಂದಿಟ್ಟರು. ಇಸ್ತ್ರಿ ಅಂಗಿ ಹಾಕಿಕೊಂಡವರು ಮಾಡುವ ಅಪರಾಧವನ್ನೂ ಅಪರಾಧ ಅಂತಲೇ ಎಣಿಸಿ ಅನ್ನುವುದು ಅವರ ಒತ್ತಾಯ.

ಇವುಗಳಲ್ಲಿ ನಮ್ಮ ನೆಲಕ್ಕೆ ತೀರಾ ಹತ್ತಿರವಾದದ್ದು ಹಣೆಪಟ್ಟಿ ಸಿದ್ಧಾಂತ. 1963ರಲ್ಲಿ ಹೊವಾರ್ಡ್ ಬೆಕರ್ ಅದನ್ನು ವಿವರಿಸಿದರು. ಒಬ್ಬನಿಗೆ 'ಕಳ್ಳ' ಅಂತ ಹಣೆಪಟ್ಟಿ ಅಂಟಿಸಿದರೆ ಕೆಲಸ ಸಿಗುವುದಿಲ್ಲ, ಮನೆ ಬಾಡಿಗೆಗೆ ಸಿಗುವುದಿಲ್ಲ, ಊರಲ್ಲಿ ಏನು ಕಳೆದರೂ ಪೊಲೀಸರು ಅವನ ಬಾಗಿಲಿಗೇ ಬರುತ್ತಾರೆ. ಕೊನೆಗೆ ಆ ಪಟ್ಟಿಯೇ ಅವನ ಬದುಕಾಗುತ್ತದೆ. ಬೆಕರ್‌ಗಿಂತ ಸುಮಾರು ನೂರು ವರ್ಷ ಮೊದಲು, 1871ರಲ್ಲಿ, ಬ್ರಿಟಿಷ್ ಸರ್ಕಾರ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಇಂಥ ಪಟ್ಟಿ ಅಂಟಿಸಿತ್ತು. ಅದು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ. ಹಾಜರಿ ಕೊಡಬೇಕು, ಅನುಮತಿ ಇಲ್ಲದೆ ಊರು ಬಿಡುವಂತಿಲ್ಲ. ಹುಬ್ಬಳ್ಳಿಯಲ್ಲಿ ಅಂಥ ಸಮುದಾಯಗಳನ್ನು ಬೇಲಿಯೊಳಗೆ ಇಟ್ಟ ಜಾಗಕ್ಕೆ ಇವತ್ತಿಗೂ ಸೆಟ್ಲ್‌ಮೆಂಟ್ ಅಂತಲೇ ಹೆಸರು. ಕಾಯ್ದೆ ರದ್ದಾದದ್ದು 1952ರಲ್ಲಿ. ನಾವು ಓದುವ ಕಾನೂನು ವಿಶ್ವವಿದ್ಯಾಲಯ ಇರುವ ಊರಿನಲ್ಲೇ ಈ ಚರಿತ್ರೆ ಇದೆ. ಸೆಮಿಸ್ಟರ್ ಕೆಲಸಕ್ಕೆ ಹುಬ್ಬಳ್ಳಿಗೆ ಹೋದಾಗ ಅಲ್ಲಿನ ಹಿರಿಯರ ಜೊತೆ ಗೌರವದಿಂದ ಮಾತಾಡಿ ಬನ್ನಿ. ಹತ್ತು ಪುಟದ ನೋಟ್ಸ್‌ಗಿಂತ ಹೆಚ್ಚು ಕಲಿಯುತ್ತೀರಿ.

ಹಂತ 5: ಮೂರು ಹೊಸ ಕಾನೂನು, ಎರಡು ಸಂಖ್ಯೆ

2024ರ ಜುಲೈ 1ರಿಂದ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. 511 ಸೆಕ್ಷನ್ ಇದ್ದ ದಂಡ ಸಂಹಿತೆಯ ಜಾಗದಲ್ಲಿ 358 ಸೆಕ್ಷನ್. ಕೊಲೆಗೆ ಶಿಕ್ಷೆ 302 ಇದ್ದದ್ದು 103 ಆಯಿತು. ಎಲ್ಲರ ಬಾಯಲ್ಲಿದ್ದ 420 ಈಗ 318.

ಹಳೆಯದನ್ನು ಮರೆತುಬಿಡಬೇಡಿ. ಜುಲೈ 1ಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯ. ಕೋರ್ಟಿನ ಕಪಾಟಿನಲ್ಲಿ ಅಂಥ ಕಡತಗಳು ಇನ್ನೂ ಬಹಳ ವರ್ಷ ಇರುತ್ತವೆ. ಹಳೆಯ ತೀರ್ಪುಗಳೆಲ್ಲ ಹಳೆಯ ಸಂಖ್ಯೆಯಲ್ಲೇ ಇವೆ. ನೋಟ್‌ಬುಕ್ಕಿನ ಎಡಕ್ಕೆ ಹಳೆಯ ಸಂಖ್ಯೆ, ಬಲಕ್ಕೆ ಹೊಸದು ಬರೆದು ದಿನಕ್ಕೆ ಐದು ಸೆಕ್ಷನ್ ಓದಿ. ಗೈಡ್ ಬೇಡ, ಕಾಯ್ದೆಯ ಮೂಲ ಪಠ್ಯ ಓದಿ.

ಓದುವಾಗ ಪ್ರತಿ ಸೆಕ್ಷನ್ ಪಕ್ಕ ಒಂದು ಪ್ರಶ್ನೆ ಬರೆಯಿರಿ: ಇದನ್ನು ಯಾಕೆ ಹೀಗೆ ಮಾಡಿದರು? ಕಳವಿನ 303ನ್ನೇ ನೋಡಿ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ, ಮೊದಲ ಸಲ ಶಿಕ್ಷೆಯಾಗುತ್ತಿದೆ, ವಸ್ತು ಅಥವಾ ಅದರ ಬೆಲೆ ವಾಪಸ್ ಕೊಟ್ಟಿದ್ದಾನೆ ಅಂದರೆ ಶಿಕ್ಷೆ ಸಮುದಾಯ ಸೇವೆ. ಜೈಲಿಗೆ ಹೋದ ಹುಡುಗ ಅಲ್ಲಿ ಇನ್ನೂ ಕೆಟ್ಟದ್ದನ್ನು ಕಲಿತು ಬರುತ್ತಾನೆ ಅನ್ನುವುದು ಅಪರಾಧಶಾಸ್ತ್ರದಲ್ಲಿ ಹಳೆಯ ಚರ್ಚೆ. ಆ ಚರ್ಚೆಯನ್ನು ಓದಿದವರಿಗೆ ಈ ಸಾಲಿನ ಬೆಲೆ ತಿಳಿಯುತ್ತದೆ.

ಹಂತ 6: ಪತ್ರಿಕೆಗಳ ಆಯ್ಕೆ, ಪರೀಕ್ಷೆ

ದಂಡನಶಾಸ್ತ್ರ (ಶಿಕ್ಷೆಯ ಅಧ್ಯಯನ) ಮತ್ತು ಸಂತ್ರಸ್ತಶಾಸ್ತ್ರ (ಅಪರಾಧಕ್ಕೆ ಗುರಿಯಾದವರ ಅಧ್ಯಯನ), ವೈಟ್ ಕಾಲರ್ ಅಪರಾಧ, ಮಾನವ ಹಕ್ಕು, ಇಂಥವು ಐಚ್ಛಿಕ ಪತ್ರಿಕೆಗಳಲ್ಲಿ ಸಿಕ್ಕರೆ ಆರಿಸಿಕೊಳ್ಳಿ. ಒಂದು ತೊಂದರೆ ಇದೆ. ಪಠ್ಯಕ್ರಮದಲ್ಲಿ ಆಯ್ಕೆ ಇದ್ದರೂ ಕಾಲೇಜಿನಲ್ಲಿ ಹೆಚ್ಚು ಮಕ್ಕಳು ತೆಗೆದುಕೊಂಡ ಪತ್ರಿಕೆಯನ್ನೇ ಪಾಠ ಮಾಡುವುದುಂಟು. ಆಸಕ್ತಿ ಇರುವ ಏಳೆಂಟು ಮಂದಿ ಸೇರಿ ಸೆಮಿಸ್ಟರ್ ಶುರುವಾಗುವ ಮೊದಲೇ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ. ಬಾಯಿಮಾತಿಗಿಂತ ಕಾಗದ ಕೆಲಸ ಮಾಡುತ್ತದೆ. ಬಾರ್ ಕೌನ್ಸಿಲ್‌ನ ಪಟ್ಟಿಯಲ್ಲಿ 'ಅಪರಾಧ ಮತ್ತು ಅಪರಾಧಶಾಸ್ತ್ರ' ಅಂತ ಒಂದು ಆನರ್ಸ್ (ಒಂದು ವಿಷಯವನ್ನು ಹೆಚ್ಚು ಆಳವಾಗಿ ಓದುವ) ಗುಂಪೇ ಇದೆ. ಆನರ್ಸ್ ಕೊಡುವ ಸಂಸ್ಥೆಗೆ ಸೇರುವವರು ಆ ಗುಂಪು ಅಲ್ಲಿ ಇದೆಯಾ ಅಂತ ಕೇಳಲಿ.

ನಮ್ಮ ವಿಶ್ವವಿದ್ಯಾಲಯದ ಥಿಯರಿ ಪತ್ರಿಕೆ 80 ಅಂಕದ್ದು, ಆಂತರಿಕ 20. ಐದು ಘಟಕ, ಪ್ರತಿ ಘಟಕದಿಂದ 10 ಅಂಕದ ಒಂದು ಪ್ರಬಂಧ ಮಾದರಿ ಉತ್ತರ, 6 ಅಂಕದ ಒಂದು ಟಿಪ್ಪಣಿ ಅಥವಾ ಸಮಸ್ಯೆ. ಯಾವ ಘಟಕವನ್ನೂ ಬಿಡುವ ಹಾಗಿಲ್ಲ. ಉತ್ತರವನ್ನು ಪೂರ್ತಿ ಕನ್ನಡದಲ್ಲಿ ಅಥವಾ ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬಹುದು. ಬೆರಕೆ ಬೇಡ. ಸಮಸ್ಯೆಯ ಉತ್ತರದಲ್ಲಿ ಮೊದಲು ಸೆಕ್ಷನ್, ಆಮೇಲೆ ತೀರ್ಪು, ಆಮೇಲೆ ನಿಮ್ಮ ನಿರ್ಧಾರ. ಅಪರಾಧಶಾಸ್ತ್ರದ ಮಾತನ್ನು 10 ಅಂಕದ ಉತ್ತರಕ್ಕೆ ಉಳಿಸಿಕೊಳ್ಳಿ. ಆರು ಅಂಕದ್ದರಲ್ಲಿ ಮರ್ಟನ್ ಬಗ್ಗೆ ಒಂದು ಪುಟ ಬರೆದರೆ ಹೊತ್ತು ಹಾಳು.

ಹಂತ 7: ತರಗತಿಯ ಹೊರಗೆ

ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಮೂರು ವರ್ಷದವರಿಗೆ 12 ವಾರ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ಕೊನೆಯ ವರ್ಷಕ್ಕೆ ಉಳಿಸಿಕೊಂಡರೆ ತೀರುವುದಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ. ವಕೀಲರ ಹತ್ತಿರ ಸಹಿ ಹಾಕಿಸಿಕೊಂಡು ಬರುವ ಇಂಟರ್ನ್‌ಶಿಪ್ ಮಾಡಬೇಡಿ. ಆ 20 ವಾರವೇ ನಿಮ್ಮ ಅಪರಾಧಶಾಸ್ತ್ರದ ಪ್ರಯೋಗಶಾಲೆ.

ಮೊದಲ ವರ್ಷ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಾನೂನು ವಿದ್ಯಾರ್ಥಿಗಳು ಅರೆ ಕಾನೂನು ಸ್ವಯಂಸೇವಕರಾಗಬಹುದು (ಪ್ಯಾರಾ ಲೀಗಲ್ ವಾಲಂಟಿಯರ್). ಹಳ್ಳಿಯ ಶಿಬಿರ, ಸಂತ್ರಸ್ತರ ಪರಿಹಾರದ ಅರ್ಜಿ, ಜೈಲು ಭೇಟಿ, ಎಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಚಿತ್ರದುರ್ಗದಲ್ಲಿ ಜಿಲ್ಲಾ ಕಾರಾಗೃಹ ಇದೆ. ಒಬ್ಬರೇ ಹೋಗಿ ಬಾಗಿಲು ಬಡಿದರೆ ಒಳಗೆ ಬಿಡುವುದಿಲ್ಲ. ಕಾಲೇಜು ಅಥವಾ ಪ್ರಾಧಿಕಾರದ ಮೂಲಕ ಅನುಮತಿ ಪಡೆಯಬೇಕು. ಹೋಗುವ ಮೊದಲು ನಾಗರಿಕ ಸುರಕ್ಷಾ ಸಂಹಿತೆಯ 479 ಓದಿಕೊಳ್ಳಿ. ಹಿಂದೆ ಯಾವ ಶಿಕ್ಷೆಯೂ ಆಗಿರದ ವಿಚಾರಣಾಧೀನ ಕೈದಿ, ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಜೈಲಿನಲ್ಲಿ ಕಳೆದಿದ್ದರೆ ಬಾಂಡ್ ಮೇಲೆ ಬಿಡುಗಡೆಗೆ ಅರ್ಹ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದು ಇಲ್ಲ. ಎಷ್ಟೋ ಬಡವರಿಗೆ ಈ ಹಕ್ಕು ಇದೆ ಅಂತಲೇ ಗೊತ್ತಿರುವುದಿಲ್ಲ. ಅಂಥ ಒಬ್ಬರ ದಿನ ಲೆಕ್ಕ ಹಾಕಿ ಅರ್ಜಿಗೆ ದಾರಿ ಮಾಡಿಕೊಟ್ಟರೆ, ನಿಮ್ಮ ಓದು ಆ ದಿನವೇ ಒಂದು ಮನೆಗೆ ತಲುಪಿತು.

ಎರಡನೇ, ಮೂರನೇ ವರ್ಷ ಕ್ರಿಮಿನಲ್ ವಕೀಲರ ಕಚೇರಿ. ಒಂದು ಸಲ ಆರೋಪಿ ಪರ ವಾದಿಸುವವರ ಹತ್ತಿರ, ಇನ್ನೊಂದು ಸಲ ಅವಕಾಶ ಸಿಕ್ಕರೆ ಅಭಿಯೋಜಕರ ಕಚೇರಿಯಲ್ಲಿ. ಎರಡೂ ಕಡೆ ಕೂತು ನೋಡಿದವರಿಗೆ ಒಂದೇ ಮಹಜರು ಎರಡು ರೀತಿ ಕಾಣುತ್ತದೆ.

ದಾವಣಗೆರೆಯ ಮಕ್ಕಳಿಗೆ ಒಂದು ಅನುಕೂಲ ಇದೆ. ಪೂರ್ವ ವಲಯದ ಐಜಿಪಿ ಕಚೇರಿ ಇಲ್ಲೇ ಇದೆ. ಪ್ರಾದೇಶಿಕ ವಿಧಿ ವಿಜ್ಞಾನ ಪ್ರಯೋಗಾಲಯವೂ ಇಲ್ಲೇ ಇದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿ ವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 176(3) ಹೇಳುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಇದೆ. ಮುಂದಿನ ಕ್ರಿಮಿನಲ್ ವಕೀಲರು ಪ್ರಯೋಗಾಲಯದ ವರದಿ ಓದಲು ಬರದಿದ್ದರೆ ಕಷ್ಟ. ಕಾಲೇಜಿನಿಂದ ಭೇಟಿ ಏರ್ಪಡಿಸಲು ಕೇಳಿ. ಹೋದಾಗ ರಕ್ತದ ಪರೀಕ್ಷೆ ಹೇಗೆ ಅನ್ನುವುದಕ್ಕಿಂತ, ಸ್ಥಳದಿಂದ ಪ್ರಯೋಗಾಲಯದವರೆಗೆ ಆ ವಸ್ತು ಯಾರ ಯಾರ ಕೈ ದಾಟಿತು, ಸೀಲ್ ಹೇಗಿತ್ತು ಅಂತ ಕೇಳಿ. ಪ್ರಕರಣ ಬೀಳುವುದು ಹೆಚ್ಚಾಗಿ ಅಲ್ಲೇ. ಮೊಬೈಲ್, ಸಿಸಿಟಿವಿಯಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡಬೇಕಾದ, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರ ಹೇಗಿರಬೇಕು ಅಂತಲೂ ಕಲಿಯಿರಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಅಪರಾಧಶಾಸ್ತ್ರ ಬೇರೆ, ವಿಧಿ ವಿಜ್ಞಾನ ಬೇರೆ. ಬಿಎ ಎಲ್‌ಎಲ್‌ಬಿ ಮಾಡಿ ಪ್ರಯೋಗಾಲಯದ ವಿಜ್ಞಾನಿ ಆಗಲು ಬರುವುದಿಲ್ಲ. ಅದಕ್ಕೆ ವಿಜ್ಞಾನ ಪದವಿ ಬೇಕು. ಟಿವಿ ಧಾರಾವಾಹಿ ನೋಡಿ ಆ ಆಸೆ ಇಟ್ಟುಕೊಂಡ ಮಕ್ಕಳಿಗೆ ಇದನ್ನು ಪಿಯು ಮೊದಲೇ ಹೇಳಬೇಕು.

ಅಂಕಿಅಂಶ ಓದುವುದನ್ನೂ ರೂಢಿಸಿಕೊಳ್ಳಿ. ರಾಷ್ಟ್ರೀಯ ಅಪರಾಧ ದಾಖಲಾತಿ ಬ್ಯೂರೋ ಹೊರತರುವ ವರದಿ ಉಚಿತವಾಗಿ ಸಿಗುತ್ತದೆ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧ ಇದ್ದರೆ ಅದರಲ್ಲಿ ಅತಿ ಹೆಚ್ಚು ಶಿಕ್ಷೆಯ ಒಂದನ್ನೇ ಅದು ಎಣಿಸುತ್ತದೆ. ಅತ್ಯಾಚಾರ ಮತ್ತು ಕೊಲೆ ಒಟ್ಟಿಗೆ ಆದರೆ ಲೆಕ್ಕಕ್ಕೆ ಬರುವುದು ಕೊಲೆ. ಠಾಣೆಗೆ ಬರದ ಅಪರಾಧ ಅಲ್ಲಿ ಇಲ್ಲವೇ ಇಲ್ಲ. ಮನೆಯೊಳಗಿನ ಹೊಡೆತ, ಬಾಲ್ಯವಿವಾಹ, ಇಂಥವೆಲ್ಲ ಹೀಗೆ ಕತ್ತಲಲ್ಲಿ ಉಳಿಯುತ್ತವೆ. ಒಂದು ಜಿಲ್ಲೆಯಲ್ಲಿ ಸಂಖ್ಯೆ ಏರಿದರೆ ಅಪರಾಧವೇ ಏರಿತಾ, ದೂರು ಕೊಡುವ ಧೈರ್ಯ ಏರಿತಾ? ಇದನ್ನು ಕೇಳದೆ ಅಂಕಿಯನ್ನು ಬಳಸಬೇಡಿ.

ಹಂತ 8: ಖರ್ಚು

ಊರಲ್ಲೇ ಓದಿದರೆ ದೊಡ್ಡ ಉಳಿತಾಯ ಹಾಸ್ಟೆಲ್ ಮತ್ತು ಊಟದ್ದು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ಏಪ್ರಿಲ್‌ನಲ್ಲೇ ಮಾಡಿಸಿಡಿ. ಪದವಿ ಮುಗಿದ ಮೇಲೆ ಹಿರಿಯ ವಕೀಲರ ಹತ್ತಿರ ತರಬೇತಿ ಪಡೆಯುವ ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಪದವೀಧರರಿಗೆ ಸರ್ಕಾರದ ತರಬೇತಿ ಭತ್ಯೆಯೂ ಇದೆ. ಬಹಳ ಜನ ಅರ್ಜಿಯನ್ನೇ ಹಾಕುವುದಿಲ್ಲ.

ಹಂತ 9: ಪದವಿ ಆದ ಮೇಲೆ

ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ. 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ಈ ಶುಲ್ಕವನ್ನು ಕಾಯ್ದೆಯಲ್ಲಿ ಇರುವಷ್ಟೇ ಪಡೆಯಬೇಕು ಅಂತ ತೀರ್ಪು ಕೊಟ್ಟಿತು: ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. 100 ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು. ಟಿಪ್ಪಣಿ ಇಲ್ಲದ ಕಾಯ್ದೆಯ ಪುಸ್ತಕವನ್ನು ಒಳಗೆ ಒಯ್ಯಬಹುದು.

ನ್ಯಾಯಾಧೀಶರಾಗುವ ಆಸೆ ಇದ್ದರೆ ಲೆಕ್ಕ ಬದಲಾಗಿದೆ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷ ವಕೀಲಿಕೆ ಬೇಕು. ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗೂ ವಕೀಲಿಕೆಯ ಅನುಭವ ಕೇಳುತ್ತಾರೆ. ಕಾನೂನು ಮತ್ತು ಅಪರಾಧಶಾಸ್ತ್ರ ಎರಡನ್ನೂ ಓದಿದವರಿಗೆ ನನ್ನ ಮಟ್ಟಿಗೆ ಇದಕ್ಕಿಂತ ತಕ್ಕ ಜಾಗ ಇಲ್ಲ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್), ಮಕ್ಕಳ ರಕ್ಷಣಾ ಘಟಕ, ಪಿಎಸ್‌ಐ ಪರೀಕ್ಷೆ, ಕಾನೂನು ಸೇವಾ ಪ್ರಾಧಿಕಾರದ ಉಚಿತ ಪ್ರತಿವಾದ ವಕೀಲರ ವ್ಯವಸ್ಥೆ, ಇವೂ ಇವೆ.

ಆ ಮೊದಲ ಮೂರು ವರ್ಷ ಯಾರ ಕಚೇರಿಗೆ ಸೇರುತ್ತೀರಿ ಅನ್ನುವುದನ್ನು ಅವಸರದಲ್ಲಿ ತೀರ್ಮಾನಿಸಬೇಡಿ. ಜಿಲ್ಲಾ ಕೋರ್ಟಿನಲ್ಲಿ ಸೆಷನ್ಸ್ ವಿಚಾರಣೆ (ಕೊಲೆಯಂಥ ಗಂಭೀರ ಅಪರಾಧಗಳ ವಿಚಾರಣೆ) ನಡೆಸುವವರ ಹತ್ತಿರವೇ ಸೇರಿ. ಮೇಲ್ಮನವಿಗೆ ನಮ್ಮ ಎರಡೂ ಜಿಲ್ಲೆಯವರು ಹೋಗಬೇಕಾದದ್ದು ಧಾರವಾಡ ಪೀಠಕ್ಕಲ್ಲ, ಬೆಂಗಳೂರಿಗೆ. ಹೀಗಾಗಿ ಬೆಂಗಳೂರಿಗೆ ಕಡತ ಕಳಿಸುವ, ಆಗಾಗ ತಾವೇ ಹೋಗಿ ನಿಲ್ಲುವ ವಕೀಲರ ಕಚೇರಿ ಸಿಕ್ಕರೆ ಇನ್ನೂ ಒಳ್ಳೆಯದು. ಸೇರುವ ಮೊದಲು ಅವರ ಒಂದು ಪಾಟೀಸವಾಲನ್ನು ಪೂರ್ತಿ ಕೂತು ಕೇಳಿ. ಸಾಕ್ಷಿಯನ್ನು ಹೀಯಾಳಿಸದೆ ಪ್ರಶ್ನೆ ಕೇಳುತ್ತಾರಾ ಅಂತ ನೋಡಿ. ಹಾಗೆ ಕೇಳುವವರು ಕಂಡರೆ ಮಾರನೆಯ ದಿನವೇ ಬೆಳಗ್ಗೆ ಅವರ ಕಚೇರಿಗೆ ಹೋಗಿ.